ಎರಡು ಬೈಟ್‌ಗಳಿಗಾಗಿ ಒಂದು ಅಸೆಂಬ್ಲರ್

ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಟ್ರಾನ್ಸ್‌ಫಾರ್ಮರ್‌ಗಳಿಗೆ ತಾಮ್ರದ ತಂತಿ ಸುತ್ತಿ ಕೊಡುವ ಒಂದು ಸಣ್ಣ ಕಾರ್ಖಾನೆಯಿದೆ. ಅದರ ಯಜಮಾನರು ನನ್ನ ಸೋದರಮಾವನಿಗೆ ಬಹುಕಾಲದ ಸ್ನೇಹಿತರು. ಒಂದು ಯುಗಾದಿಯ ಮರುದಿನ ಮಾವನ ಮನೆಯಲ್ಲಿ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗ ಅವರು, "ನೀವು ಸಾಫ್ಟ್‌ವೇರ್‌ನೋರಂತೆ. ನಮ್ದೊಂದು ವೈಂಡಿಂಗ್ ಮಷೀನಿದೆ ಸಾರ್, ಅದ್ರಲ್ಲಿ ಒಂದು ನಂಬರ್ ಚೇಂಜ್ ಮಾಡ್ಬೇಕು, ಅಷ್ಟೇ" ಎಂದರು. ಆ "ಅಷ್ಟೇ" ನನ್ನ ಏಳು ತಿಂಗಳ ಭಾನುವಾರಗಳನ್ನು ನುಂಗಿತು. ಕೊನೆಗೆ ಬದಲಾದದ್ದು ಎರಡೇ ಬೈಟ್‌ಗಳು; ಆದರೆ ಅವನ್ನು ಬದಲಿಸುವ ಧೈರ್ಯ ಬರುವುದಕ್ಕೆ ಮೊದಲು ನಾನೊಂದು ಡಿಸ್‌ಅಸೆಂಬ್ಲರನ್ನೂ (ಬೈಟ್‌ಗಳನ್ನು ಓದಬಲ್ಲ ಆದೇಶಗಳಾಗಿ ಬಿಡಿಸುವ ಪ್ರೋಗ್ರಾಂ) ಒಂದು ಅಸೆಂಬ್ಲರನ್ನೂ (ಅವನ್ನು ಮರಳಿ ಬೈಟ್‌ಗಳಾಗಿಸುವುದು) ಒಂದು ಎಮ್ಯುಲೇಟರನ್ನೂ (ಚಿಪ್ಪಿನಂತೆಯೇ ನಡೆದುಕೊಳ್ಳುವುದು) ಬರೆಯಬೇಕಾಯಿತು.

ಯಂತ್ರದ ಕೆಲಸ ಸರಳವಾದದ್ದು. ಎಷ್ಟು ಸುತ್ತು ಬೇಕೆಂಬುದನ್ನು ಕೀಲಿಗಳಲ್ಲಿ ಒತ್ತಿದರೆ ಮೋಟರು ಆ ಎಣಿಕೆಯನ್ನು ಮುಟ್ಟುವವರೆಗೆ ತಂತಿ ಸುತ್ತುತ್ತದೆ; ಕೊನೆಯ 20 ಸುತ್ತುಗಳು ಉಳಿದಾಗ ವೇಗವನ್ನು ತಗ್ಗಿಸಿ, ತಂತಿ ಕಿತ್ತುಹೋಗದಂತೆ ನಿಲ್ಲುತ್ತದೆ. ಈಗ ಅವರು ಹಿಂದಿನದಕ್ಕಿಂತ ದಪ್ಪ ತಂತಿಯನ್ನೂ ಭಾರವಾದ ಬಾಬಿನ್ನನ್ನೂ ಬಳಸುತ್ತಿದ್ದುದರಿಂದ ಆ 20 ಸುತ್ತುಗಳೊಳಗೆ ಮೋಟರು ನಿಲ್ಲಲಾರದೆ ಎರಡು ಮೂರು ಸುತ್ತು ಮುಂದಕ್ಕೆ ಹೋಗುತ್ತಿತ್ತು, ಕೆಲಸದ ಹುಡುಗರು ಅದನ್ನು ಕೈಯಲ್ಲಿ ಬಿಚ್ಚಿ ಸರಿಮಾಡುತ್ತಿದ್ದರು. 20 ಇದ್ದದ್ದು 50 ಆಗಬೇಕು ಎಂಬುದು ಅವರ ಬೇಡಿಕೆ. ಯಂತ್ರವನ್ನು ತಯಾರಿಸಿದ ಸಂಸ್ಥೆ ಬಾಗಿಲು ಮುಚ್ಚಿ ಬಹಳ ವರ್ಷಗಳಾಗಿದ್ದವು, ಮೂಲ ಪ್ರೋಗ್ರಾಮಿನ ಪ್ರತಿ ಯಾರ ಬಳಿಯೂ ಉಳಿದಿರಲಿಲ್ಲ. ಹೊಸ ಕಂಟ್ರೋಲರ್ ಹಾಕಿಸಬಹುದಲ್ಲ ಎಂದು ಕೇಳಿದ್ದಕ್ಕೆ, ಇರುವುದೇ ಚೆನ್ನಾಗಿದೆಯಲ್ಲ ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಮುಚ್ಚಳ ತೆಗೆದು ನೋಡಿದಾಗ ನನಗೆ ಪಾಲಿಟೆಕ್ನಿಕ್ ದಿನಗಳ ಲ್ಯಾಬ್ ನೆನಪಾಯಿತು. ಬೋರ್ಡಿನ ನಡುವೆ 40 ಕಾಲುಗಳ 8085 ಪ್ರೊಸೆಸರ್, ಅದರ ಪಕ್ಕದಲ್ಲಿ 6.144 ಮೆಗಾಹರ್ಟ್ಸ್ ಕ್ರಿಸ್ಟಲ್, ಕೀಲಿಗಳನ್ನೂ ಏಳು ಗೆರೆಗಳ ಡಿಸ್‌ಪ್ಲೇಯನ್ನೂ ನೋಡಿಕೊಳ್ಳುವ 8279, ಮತ್ತು ಗಾಜಿನ ಕಿಟಕಿಯ ಮೇಲೆ ಚೀಟಿ ಅಂಟಿಸಿದ ಒಂದು 2764 ಇಪ್ರಾಮ್, ಅಂದರೆ ಪ್ರೋಗ್ರಾಮನ್ನು ಹಿಡಿದಿಟ್ಟುಕೊಳ್ಳುವ ಮೆಮೊರಿ ಚಿಪ್. ಇಂಟೆಲ್ 8085 ಹೊರಬಂದದ್ದು 1976ರಲ್ಲಿ; ಕ್ರಿಸ್ಟಲ್‌ನ ಆವರ್ತನವನ್ನು ಒಳಗೆ ಎರಡರಿಂದ ಭಾಗಿಸಿಕೊಳ್ಳುವುದರಿಂದ ಈ ಬೋರ್ಡಿನಲ್ಲಿ ಅದು ಓಡುವುದು 3.072 ಮೆಗಾಹರ್ಟ್ಸ್‌ನಲ್ಲಿ. ಡಿಪ್ಲೊಮಾ ಓದಿದ ನನ್ನ ತಲೆಮಾರಿನವರು ಇದರ ಆದೇಶಗಳನ್ನು ಕಾಗದದ ಮೇಲೆ ಬರೆದು, ಪಟ್ಟಿಯಲ್ಲಿ ಒಂದೊಂದಕ್ಕೂ ಹೆಕ್ಸ್ (ಹದಿನಾರರ ಆಧಾರದ) ಸಂಖ್ಯೆ ಹುಡುಕಿ, ಕಿಟ್‌ನ ಕೀಲಿಗಳಲ್ಲಿ ಒಂದೊಂದೇ ಬೈಟನ್ನು ಒತ್ತುತ್ತಿದ್ದೆವು. ನಡುವೆ ಕರೆಂಟು ಹೋದರೆ ಮೊದಲಿನಿಂದ. ಆಗ ನಾವೇ ಅಸೆಂಬ್ಲರ್‌ಗಳಾಗಿದ್ದೆವು ಎಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ನಂತರ.

ಹಳೆಯ ಪ್ರೊಸೆಸರ್‌ಗಳಿಗೆ ಈಗ ಉಪಕರಣಗಳಿಲ್ಲವೆಂದೇನೂ ಅಲ್ಲ. 6502ಕ್ಕೆ ಸಿಸಿ65 ಮತ್ತು ಎಲ್‌ಎಲ್‌ವಿಎಂ-ಮಾಸ್ ಇವೆ, ಝೆಡ್80ಗೆ ಎಸ್‌ಡಿಸಿಸಿ ಇದೆ, ಝೆಡ್88ಡಿಕೆ ಎಂಬುದು 8085ಕ್ಕೂ ಸಿ ಭಾಷೆಯಿಂದ ಸಂಕೇತವನ್ನು ಹೊರಡಿಸಬಲ್ಲದು. ಇವನ್ನೆಲ್ಲ ನಡೆಸಿಕೊಂಡು ಬಂದಿರುವವರ ಮೇಲೆ ನನಗೆ ದೊಡ್ಡ ಗೌರವವಿದೆ. ಆದರೆ ಇವೆಲ್ಲವೂ ಹೊಸದಾಗಿ ಬರೆಯುವವನಿಗಾಗಿ ಇರುವಂಥವು. ಪೀಣ್ಯದಲ್ಲಿ ಬೇಕಾಗಿದ್ದದ್ದು ಬೇರೆ: ಮೂಲ ಕಳೆದುಹೋದ 8,192 ಬೈಟ್‌ಗಳನ್ನು ಓದಬಲ್ಲ ಅಸೆಂಬ್ಲಿಯಾಗಿ ಬಿಡಿಸಿ, ಆ ಅಸೆಂಬ್ಲಿಯನ್ನು ಮತ್ತೆ ಜೋಡಿಸಿದಾಗ ಒಂದು ಬಿಟ್ಟೂ ಹೆಚ್ಚುಕಮ್ಮಿಯಿಲ್ಲದೆ ಅದೇ 8,192 ಬೈಟ್‌ಗಳನ್ನು ಕೊಡುವ ಒಂದು ಜೋಡಿ ಉಪಕರಣ. ಹಳೆಯ ಚಿಪ್‌ಗೆ ಸಾಧನ ಕಟ್ಟುವವನು ಮೊದಲು ಗಳಿಸಬೇಕಾದ ಯೋಗ್ಯತೆ ಇದೇ ಎಂದು ನಾನು ನಂಬಿದ್ದೇನೆ. ವೇಗದ ಸಂಕೇತ, ಚಂದದ ಭಾಷೆ, ಇವೆಲ್ಲ ಆಮೇಲಿನ ಮಾತು. ಕೊಟ್ಟದ್ದನ್ನು ಕೊಟ್ಟಂತೆಯೇ ಹಿಂದಿರುಗಿಸಲಾರದ ಸಾಧನದ ಕೈಗೆ ಓಡುತ್ತಿರುವ ಯಂತ್ರವನ್ನು ಒಪ್ಪಿಸಬಾರದು.

ಇಪ್ರಾಮನ್ನು ಓದುವುದು ಕಷ್ಟವಾಗಲಿಲ್ಲ. ಓದಲು 5 ವೋಲ್ಟ್ ಸಾಕು. ಹಳೆಯ 2764ಗೆ ಬರೆಯಲು 21 ವೋಲ್ಟ್ ಬೇಕಾಗುತ್ತದೆ, ಅಳಿಸಲು ಅತಿನೇರಳೆ ದೀಪದ ಕೆಳಗೆ ಹದಿನೈದು ಇಪ್ಪತ್ತು ನಿಮಿಷ ಇಡಬೇಕಾಗುತ್ತದೆ. ಮೂಲ ಚಿಪ್ಪನ್ನು ಅಳಿಸುವ ಯೋಚನೆಯೇ ನನಗಿರಲಿಲ್ಲವಾದ್ದರಿಂದ ಎಸ್‌.ಪಿ. ರೋಡಿನ ಬಿಡಿಭಾಗದ ಅಂಗಡಿಗೆ ಹೋಗಿ, ಅದೇ 28 ಕಾಲುಗಳ, ವಿದ್ಯುತ್ತಿನಿಂದಲೇ ಅಳಿಸಬಹುದಾದ 28ಸಿ64 ಚಿಪ್‌ಗಳನ್ನೂ ಪ್ರಯೋಗಕ್ಕೆಂದು ನಾಲ್ಕು 8085ಗಳನ್ನೂ ತಂದೆ. ಅಂಗಡಿಯವರು ಒಳಗಿನ ಡಬ್ಬದಿಂದ ಅವನ್ನು ತೆಗೆಯುತ್ತಾ, "ಕಾಲೇಜ್ ಪ್ರಾಜೆಕ್ಟಾ? ಮಗನಿಗಾ?" ಎಂದು ಕೇಳಿದರು. ಹೌದೆಂದು ಹೇಳಿಬಿಟ್ಟೆ. ಮೂರು ಬಾರಿ ಓದಿ, ಮೂರೂ ಪ್ರತಿಗಳು ಒಂದೇ ಆಗಿರುವುದನ್ನು ಖಚಿತಪಡಿಸಿಕೊಂಡು, ಚೀಟಿಯನ್ನು ಮತ್ತೆ ಭದ್ರವಾಗಿ ಅಂಟಿಸಿ ಮೂಲ ಚಿಪ್ಪನ್ನು ಯಜಮಾನರ ಬೀರುವಿನಲ್ಲಿಡಿಸಿದೆ.

ಕಷ್ಟ ಶುರುವಾದದ್ದು ಬಿಡಿಸುವಾಗ. 8085ರ ಆದೇಶಗಳು ಒಂದು, ಎರಡು ಅಥವಾ ಮೂರು ಬೈಟ್ ಉದ್ದವಿರುತ್ತವೆ. ಎಲ್ಲಿ ಆದೇಶ ಮುಗಿದು ದತ್ತಾಂಶ ಶುರುವಾಗುತ್ತದೆ ಎಂಬುದಕ್ಕೆ ಬೈಟ್‌ಗಳಲ್ಲಿ ಯಾವ ಗುರುತೂ ಇರುವುದಿಲ್ಲ. ಆದಿಯಿಂದ ಅಂತ್ಯದವರೆಗೆ ಸಾಲಾಗಿ ಓದುತ್ತಾ ಹೋಗುವ ಡಿಸ್‌ಅಸೆಂಬ್ಲರ್ ಒಂದು ಕೋಷ್ಟಕಕ್ಕೆ ಎಡವಿದ ಕೂಡಲೇ ಅಕ್ಷರ ತಪ್ಪಿ, ಮುಂದಿನದನ್ನೆಲ್ಲ ಅಪಭ್ರಂಶವಾಗಿ ಓದುತ್ತದೆ. ಹಾಗಾಗಿ ಪ್ರೊಸೆಸರ್ ಹೋಗುವ ದಾರಿಯನ್ನೇ ಹಿಡಿಯಬೇಕು: ಸೊನ್ನೆಯ ವಿಳಾಸದಿಂದ ಹೊರಟು, ಪ್ರತಿ ಜಿಗಿತದಲ್ಲಿಯೂ ಎರಡೂ ಕವಲುಗಳನ್ನು ಹಿಂಬಾಲಿಸಿ, ತಲುಪಿದ ಬೈಟ್‌ಗಳನ್ನು ಮಾತ್ರ ಆದೇಶಗಳೆಂದು ಗುರುತಿಸಬೇಕು. ಇಂಟರಪ್ಟ್‌ಗಳ (ಹೊರಗಿನ ಸಂಕೇತ ಬಂದಾಗ ಪ್ರೊಸೆಸರ್ ಕೈಲಿರುವುದನ್ನು ಬಿಟ್ಟು ಓಡುವ ಕರೆಗಳ) ವಿಳಾಸಗಳೂ ಹೊರಡುವ ಜಾಗಗಳೇ. ಟ್ರ್ಯಾಪ್‌ಗೆ 36, ಆರ್‌ಎಸ್‌ಟಿ 5.5ಕ್ಕೆ 44, 6.5ಕ್ಕೆ 52, 7.5ಕ್ಕೆ 60. ಇವುಗಳ ಪೈಕಿ ಅಂಚನ್ನು ಹಿಡಿದು ನೆನಪಿಟ್ಟುಕೊಳ್ಳಬಲ್ಲದ್ದು 7.5 ಒಂದೇ, ಸುತ್ತು ಎಣಿಸುವ ಸೆನ್ಸರ್ ಅದಕ್ಕೇ ಜೋಡಿಸಿರಬೇಕೆಂದು ಊಹಿಸಿದೆ, ಬೋರ್ಡಿನ ತಂತಿಯನ್ನು ಮೀಟರಿನಲ್ಲಿ ಹಿಡಿದು ನೋಡಿದಾಗ ಹಾಗೆಯೇ ಇತ್ತು.

ಆದರೆ ಈ ಪ್ರೋಗ್ರಾಂ ಬರೆದ ಪುಣ್ಯಾತ್ಮರು (ಯಾರೋ ನನಗೆ ತಿಳಿಯದು, ಈಗ ನಿವೃತ್ತರಾಗಿರಬಹುದು) ಬೈಟ್‌ಗಳನ್ನು ಉಳಿಸುವುದರಲ್ಲಿ ಜಿಪುಣಾಗ್ರೇಸರರು. ಡಿಸ್‌ಪ್ಲೇಯ ಮೇಲೆ ಸಂದೇಶ ತೋರಿಸುವ ಸಬ್‌ರುಟೀನನ್ನು ಕರೆದ ತಕ್ಷಣ, ಆ ಕರೆಯ ಬೆನ್ನಿಗೇ, ಸಂದೇಶದ ಬೈಟ್‌ಗಳನ್ನು ಇಟ್ಟಿದ್ದರು. ಕರೆಯಾದಾಗ ಹಿಂದಿರುಗಬೇಕಾದ ವಿಳಾಸ ಸ್ಟ್ಯಾಕ್ ಎಂಬ ತಾತ್ಕಾಲಿಕ ಮೆಮೊರಿಯ ಮೇಲಿರುತ್ತದೆ. ಸಬ್‌ರುಟೀನು ಎಕ್ಸ್‌ಟಿಎಚ್‌ಎಲ್ ಎಂಬ ಆದೇಶದಿಂದ ಆ ವಿಳಾಸವನ್ನು ಎಚ್‌ಎಲ್ ರಿಜಿಸ್ಟರ್ (ಪ್ರೊಸೆಸರಿನೊಳಗಿನ ಪುಟ್ಟ ಮೆಮೊರಿ) ಜೋಡಿಗೆ ತಂದುಕೊಂಡು, ಅಲ್ಲಿಂದ ಸೊನ್ನೆ ಬರುವವರೆಗೆ ಓದಿ, ಮುಂದಕ್ಕೆ ಸರಿದ ವಿಳಾಸವನ್ನು ಮತ್ತೆ ಸ್ಟ್ಯಾಕಿಗೇ ಹಾಕಿ ಹಿಂದಿರುಗುತ್ತದೆ. ನನ್ನ ಡಿಸ್‌ಅಸೆಂಬ್ಲರ್ ಮಾತ್ರ ಕರೆಯ ನಂತರದ ಬೈಟ್‌ಗಳನ್ನು ಆದೇಶಗಳೆಂದೇ ನಂಬಿ, ಡಿಸ್‌ಪ್ಲೇಯ ಗೆರೆಗಳನ್ನು ಕೂಡುವ ಕಳೆಯುವ ಲೆಕ್ಕಗಳನ್ನಾಗಿ ತೋರಿಸುತ್ತಿತ್ತು.

ಇನ್ನೊಂದು ಕಡೆ 06 01 21 06 00 ಎಂಬ ಐದು ಬೈಟ್‌ಗಳಿದ್ದವು. ಮೊದಲ ಎರಡು, ಬಿ ರಿಜಿಸ್ಟರಿಗೆ 1 ಹಾಕು ಎಂಬ ಆದೇಶ. ಮುಂದಿನ ಮೂರು, ಎಚ್‌ಎಲ್‌ಗೆ 0006 ಹಾಕು ಎಂಬುದು. ಆದರೆ ಆ ಬೆಲೆಯನ್ನು ಮುಂದೆ ಯಾರೂ ಬಳಸುತ್ತಿರಲಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಬೇರೆಲ್ಲಿಂದಲೋ ಜಿಗಿದು ಬರುವವರು 21ನ್ನು ದಾಟಿ ನೇರವಾಗಿ 06 00ಕ್ಕೆ ಬಂದಿಳಿಯುತ್ತಿದ್ದರು, ಅವರ ಪಾಲಿಗೆ ಅದು ಬಿ ರಿಜಿಸ್ಟರಿಗೆ 0 ಹಾಕುವ ಆದೇಶ. ಮೇಲಿನಿಂದ ಬಂದವರು 06 00 ಮೇಲೆ ಕಾಲಿಡದಂತೆ ಮಾಡಲು ಮೂರು ಬೈಟ್‌ಗಳ ಜಿಗಿತ ಬೇಕಾಗಿತ್ತು. 21 ಎಂಬ ಒಂದೇ ಬೈಟ್ ಅವೆರಡನ್ನೂ ತನ್ನ ಹೊಟ್ಟೆಗೆ ಹಾಕಿಕೊಂಡು ಆ ಕೆಲಸ ಮಾಡಿತ್ತು. ಒಂದೇ ಬೈಟು ಎರಡು ಆದೇಶಗಳಲ್ಲಿ ಪಾಲುದಾರನಾಗಿರುವ ಈ ಸಂಗತಿಯನ್ನು ನನ್ನ ಮೊದಲ ವಿನ್ಯಾಸದಲ್ಲಿ ಬರೆದಿಡಲು ಜಾಗವೇ ಇರಲಿಲ್ಲ. ಪ್ರತಿ ಬೈಟ್‌ಗೂ ಆದೇಶ ಅಥವಾ ದತ್ತಾಂಶ ಎಂಬ ಒಂದೇ ಹಣೆಪಟ್ಟಿ ಸಾಕೆಂದುಕೊಂಡಿದ್ದೆ. ಕೊನೆಗೆ 21 ಅನ್ನು ಬರಿಯ ಬೈಟಾಗಿ ಬರೆದು, ಅದರ ಮುಂದೆ ನಿಜವಾದ ಆದೇಶವನ್ನು ಬರೆದು, ಪಕ್ಕದಲ್ಲಿ ಟಿಪ್ಪಣಿ ಸೇರಿಸುವ ಕ್ರಮಕ್ಕೆ ಬಂದೆ. ಇಂಥ ಸುಳಿವುಗಳನ್ನೆಲ್ಲ ಒಂದು ಪ್ರತ್ಯೇಕ ಕಡತದಲ್ಲಿ ಇಟ್ಟಿದ್ದೇನೆ. ಡಿಸ್‌ಅಸೆಂಬ್ಲರ್ ತಾನೇ ಎಲ್ಲವನ್ನೂ ಊಹಿಸಬೇಕೆಂಬ ಹಟವನ್ನು ಬಿಟ್ಟ ದಿನ ಕೆಲಸ ಅರ್ಧ ಹಗುರವಾಯಿತು.

ಅಸೆಂಬ್ಲರ್ ಬರೆಯುವುದು ಇದರ ಮುಂದೆ ಮಕ್ಕಳಾಟ. ಲೇಬಲ್‌ಗಳ (ಜಾಗಗಳಿಗೆ ಇಟ್ಟ ಹೆಸರುಗಳ) ವಿಳಾಸ ಕಂಡುಕೊಳ್ಳಲು ಒಮ್ಮೆ, ಬೈಟ್‌ಗಳನ್ನು ಹೊರಡಿಸಲು ಇನ್ನೊಮ್ಮೆ ಎಂದು ಮೂಲವನ್ನು ಎರಡು ಬಾರಿ ಓದುವ ಹಳೆಯ ಕ್ರಮವೇ ಸಾಕು. 8085ರ ಒಂದು ಸೌಜನ್ಯವೆಂದರೆ ಅದರ ಪ್ರತಿ ಆದೇಶಕ್ಕೂ ಬೈಟ್ ರೂಪ ಒಂದೇ. ಪೈಥಾನ್‌ನಲ್ಲಿ ಒಂದು ಕೋಷ್ಟಕ ಮಾಡಿಕೊಂಡರೆ ಎರಡೂ ದಿಕ್ಕಿಗೆ ಅದೇ ಬಳಕೆಯಾಗುತ್ತದೆ.

ಲೇಬಲ್‌ಗಳನ್ನು ಕನ್ನಡದಲ್ಲಿ ಬರೆಯುವ ಅನುಕೂಲವಿರಲಿ ಎಂದು ಆಸೆಪಟ್ಟದ್ದು ಮಾತ್ರ ಒಂದು ಸಂಜೆಯನ್ನು ತಿಂದಿತು. "ನಿಧಾನ" ಎಂಬ ಲೇಬಲನ್ನು ನನ್ನ ಅಸೆಂಬ್ಲರ್ "ನ" ಎಂದು ಓದಿ, ಮುಂದೆ ಅರ್ಥವಾಗದ ಚಿಹ್ನೆಯಿದೆ ಎಂದು ದೂರುತ್ತಿತ್ತು. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳಲ್ಲಿ ಪದದ ಅಕ್ಷರವನ್ನು ಗುರುತಿಸುವ ಸಂಕೇತವು ನಮ್ಮ ಗುಣಿತದ ಚಿಹ್ನೆಗಳನ್ನಾಗಲಿ ಅರ್ಧಾಕ್ಷರದ ಚಿಹ್ನೆಯನ್ನಾಗಲಿ ಅಕ್ಷರಗಳೆಂದು ಒಪ್ಪುವುದಿಲ್ಲ. ಗುಡಿಸು ಬಂದಲ್ಲೇ ಪದ ಮುಗಿಯಿತೆಂದು ಅದು ತಿಳಿಯುತ್ತದೆ. ವಿಚಿತ್ರವೆಂದರೆ ಅದೇ ಪೈಥಾನ್ "ನಿಧಾನ" ಎಂಬುದನ್ನು ತನ್ನ ಸ್ವಂತ ವೇರಿಯೇಬಲ್ ಹೆಸರಾಗಿ ಯಾವ ತಕರಾರೂ ಇಲ್ಲದೆ ಸ್ವೀಕರಿಸುತ್ತದೆ. ಆ ಒಪ್ಪಿಗೆಯ ಪರೀಕ್ಷೆಯನ್ನೇ ಎರವಲು ಪಡೆದು ಸರಿಪಡಿಸಿದೆ. ಒತ್ತಕ್ಷರ ಕೂಡದಂತೆ ತಡೆಯಲು ನಾವು ನಡುವೆ ಹಾಕುವ ಕಣ್ಣಿಗೆ ಕಾಣದ ಅಕ್ಷರವನ್ನು ಮಾತ್ರ ಲೇಬಲ್‌ಗಳಲ್ಲಿ ನಿಷೇಧಿಸಿದ್ದೇನೆ.

ಮೊದಲ ಬಾರಿಗೆ ಬಿಡಿಸಿ ಜೋಡಿಸಿದ ಕಡತ ಮೂಲದೊಂದಿಗೆ ತಾಳೆಯಾದ ರಾತ್ರಿ ನನಗೆ ಕೆಲಸ ಮುಗಿದಂತೆಯೇ ಅನಿಸಿತ್ತು. ಈಗ ಆ 20ನ್ನು ಹುಡುಕಬೇಕು. ಹೆಕ್ಸ್‌ನಲ್ಲಿ ಅದು 14. ಪ್ರೋಗ್ರಾಮಿನಲ್ಲಿದ್ದ ಒಂದೊಂದು 14ನ್ನೂ ನೋಡಿದೆ, ಯಾವುದೂ ಅದಲ್ಲ. ಡಿಸ್‌ಪ್ಲೇಗೆ ನಾಲ್ಕು ಅಂಕಿಗಳನ್ನು ಕೊಡುವ ಎಣಿಕೆಯಾದ್ದರಿಂದ ಅದು ದಶಮಾಂಶ ಅಂಕಿಗಳಲ್ಲಿಯೇ ಇರಬೇಕು, ಅಂದರೆ ಬೈಟಿನ ಅರ್ಧರ್ಧದಲ್ಲಿ ಒಂದೊಂದು ಅಂಕಿ, ಕೂಡಿದ ಮೇಲೆ ಡಿಎಎ ಎಂಬ ಆದೇಶದಿಂದ ಹೊಂದಾಣಿಕೆ. ಹಾಗಾದರೆ 20 ಎಂಬುದು ಬೈಟಿನಲ್ಲಿಯೂ 20 ಆಗಿಯೇ ಕಾಣಬೇಕು. ಅದೂ ಸಿಗಲಿಲ್ಲ. ಎರಡು ಭಾನುವಾರ ಕಳೆದ ಮೇಲೆ, 11 80 99 ಎಂಬ ಮೂರು ಬೈಟ್‌ಗಳ ಮೇಲೆ ಕಣ್ಣು ನಿಂತಿತು: ಡಿಇ ಜೋಡಿಗೆ 9980 ಹಾಕು. 8085ರ ಡಿಎಎ ಕೂಡಿಕೆಯ ನಂತರ ಮಾತ್ರ ಸರಿಯಾದ ಉತ್ತರ ಕೊಡುತ್ತದೆ, ಕಳೆದ ನಂತರ ಅಲ್ಲ. ಆದ್ದರಿಂದ 20ನ್ನು ಕಳೆಯುವ ಬದಲು 9980ನ್ನು ಕೂಡಿ, ಉಕ್ಕಿ ಬಂದ ದಶಕವನ್ನು ಕೈಬಿಟ್ಟಿದ್ದರು. 500 ಸುತ್ತು ಬೇಕಾದರೆ 0500 ಮತ್ತು 9980 ಸೇರಿ 10480. ನಾಲ್ಕು ಅಂಕಿಗಳಲ್ಲಿ ಉಳಿಯುವುದು 0480. ಲ್ಯಾಬಿನಲ್ಲಿ ಹತ್ತರ ಪೂರಕವೆಂದು ನಾವೇ ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡಿದ್ದ ಲೆಕ್ಕವೇ ಇದು. ಸಹಿಯಾದ ಮೇಲೆ ಮರೆತಿದ್ದೆ.

9980 ಇದ್ದದ್ದು 9950 ಆದರೆ ಸಾಕು. 80 ಎಂಬ ಬೈಟು 50 ಆಗಬೇಕು. ಅವಸರದಲ್ಲಿ ಅಷ್ಟನ್ನೇ ಬದಲಿಸಿ, 28ಸಿ64ಕ್ಕೆ ಬರೆದು, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಪೀಣ್ಯಕ್ಕೆ ಹೋಗಿ ಹಾಕಿದೆ. ಸ್ವಿಚ್ ಹಾಕಿದರೆ ಡಿಸ್‌ಪ್ಲೇಯಲ್ಲಿ ಎರರ್ ಎಂಬ ಮೂರು ಅಕ್ಷರಗಳ ಸಂಕ್ಷೇಪ ಬಂದು ಯಂತ್ರ ಕದಲದೆ ನಿಂತಿತು. ಸುತ್ತ ಸೇರಿದ್ದ ಹುಡುಗರ ಮುಂದೆ ಯಜಮಾನರು ಮೆಲ್ಲಗೆ, "ಹಾಳಾಯ್ತಾ ಸಾರ್?" ಎಂದು ಕೇಳಿದರು. ಹಳೆಯ ಚಿಪ್ಪನ್ನು ಬೀರುವಿನಿಂದ ತೆಗೆಸಿ ಕೂರಿಸಿದಾಗ ಯಂತ್ರ ಎಂದಿನಂತೆ ಓಡಿತು. ಆ ನಾಲ್ಕು ನಿಮಿಷಗಳಲ್ಲಿ ನಾನು ಬೆವರಿದಷ್ಟು ಯಾವ ರಿಲೀಸಿನ ರಾತ್ರಿಯಲ್ಲಿಯೂ ಬೆವರಿಲ್ಲ.

ತಪ್ಪು ನನ್ನದೇ. ಪ್ರೋಗ್ರಾಂ ಆರಂಭವಾಗುತ್ತಿದ್ದಂತೆ ಇಪ್ರಾಮಿನ ಎಲ್ಲ ಬೈಟ್‌ಗಳನ್ನೂ ಕೂಡಿ, ಮೊತ್ತದ ಕೊನೆಯ ಎಂಟು ಬಿಟ್‌ಗಳು ಸೊನ್ನೆಯಾಗಿವೆಯೇ ಎಂದು ನೋಡಿಕೊಳ್ಳುತ್ತಿತ್ತು. ಹಾಗೆ ಸೊನ್ನೆಯಾಗಲೆಂದೇ ಚಿಪ್ಪಿನ ಕಟ್ಟಕಡೆಯಲ್ಲಿ ಒಂದು ಬೈಟನ್ನು ಇಟ್ಟಿದ್ದರು. ಆ ಕೂಡುವ ಸಾಲುಗಳನ್ನು ನಾನು ಓದಿದ್ದೆ. ಡಿಸ್‌ಪ್ಲೇಗೆ ಸಂಬಂಧಿಸಿದ್ದಿರಬೇಕೆಂದು ಬಿಟ್ಟು ಮುಂದೆ ಹೋಗಿದ್ದೆ. ಹೆಕ್ಸ್‌ನ 80 ಎಂದರೆ 128, 50 ಎಂದರೆ 80; ಮೊತ್ತದಲ್ಲಿ 48 ಕಡಿಮೆಯಾದ್ದರಿಂದ ಕೊನೆಯ ಬೈಟಿಗೆ 48 ಸೇರಿಸಬೇಕಿತ್ತು. ಎರಡನೆಯ ಬೈಟ್ ಅದೇ. ಈಗ ಅಸೆಂಬ್ಲರಿನಲ್ಲಿ "ಮೊತ್ತ" ಎಂಬ ನಿರ್ದೇಶನವಿದೆ. ಅದನ್ನು ಬರೆದ ಜಾಗದಲ್ಲಿ ಬೇಕಾದ ಬೈಟನ್ನು ಅಸೆಂಬ್ಲರೇ ಲೆಕ್ಕಹಾಕಿ ಇಡುತ್ತದೆ.

ಈ ಅವಮಾನದಿಂದ ನಾನು ಒಂದು ಪರೀಕ್ಷೆಯನ್ನು ಕಟ್ಟಿಕೊಂಡೆ. ಬಿಡಿಸಿ ಜೋಡಿಸಿದ ಬೈಟ್‌ಗಳು ತಾಳೆಯಾಗುವುದು ಅಗತ್ಯ, ಆದರೆ ಅಷ್ಟರಿಂದ ಬಿಡಿಸಿದ್ದು ಸರಿಯೆಂದು ಸಾಬೀತಾಗುವುದಿಲ್ಲ. ಇಡೀ ಇಪ್ರಾಮನ್ನು ದತ್ತಾಂಶವೆಂದು ಬರೆದಿಟ್ಟರೂ ತಾಳೆಯಾಗುತ್ತದೆ. ನಿಜವಾದ ಪರೀಕ್ಷೆಯೆಂದರೆ ಇಂಟರಪ್ಟ್ ವಿಳಾಸಗಳು ಮುಗಿದ ಕೂಡಲೇ, ಏನೂ ಮಾಡದ ಒಂದು ಎನ್‌ಒಪಿ ಆದೇಶವನ್ನು ತೂರಿಸಿ, ಅಲ್ಲಿಂದಾಚೆಗಿನ ಸಮಸ್ತವನ್ನೂ ಒಂದು ಬೈಟ್ ಕೆಳಕ್ಕೆ ದೂಡಿ, ಪ್ರೋಗ್ರಾಂ ಇನ್ನೂ ನಡೆಯುತ್ತದೆಯೇ ಎಂದು ಎಮ್ಯುಲೇಟರಿನಲ್ಲಿ ನೋಡುವುದು. ಎಲ್ಲಿಯಾದರೂ ಒಂದು ವಿಳಾಸವನ್ನು ನಾನು ಲೇಬಲ್ ಎಂದು ಗುರುತಿಸದೆ ಬರಿಯ ಸಂಖ್ಯೆಯಾಗಿ ಬಿಟ್ಟಿದ್ದರೆ, ಪ್ರೋಗ್ರಾಂ ಹಳೆಯ ಮನೆಯ ಬಾಗಿಲು ತಟ್ಟಿ ಕೆಟ್ಟುಹೋಗುತ್ತದೆ. ಹೀಗೆ ಕೆಟ್ಟ ಮೂರು ಜಾಗಗಳು ಸಿಕ್ಕಿದವು. ಒಂದರಲ್ಲಿ ಎಚ್‌ಗೆ ಬೇರೆ, ಎಲ್‌ಗೆ ಬೇರೆಯಾಗಿ ಅರ್ಧರ್ಧ ವಿಳಾಸ ತುಂಬಿಸಿದ್ದರು. ಇನ್ನೆರಡು ಪಿಸಿಎಚ್‌ಎಲ್ ಆದೇಶದ ಮೂಲಕ ಜಿಗಿಯುವ ಕೋಷ್ಟಕಗಳು. ಮೂರನ್ನೂ ಸರಿಪಡಿಸಿದ ಮೇಲೆ ಒಂದು ಎನ್‌ಒಪಿ, ಐದು ಎನ್‌ಒಪಿ, ನಡುವೆ ಬೇರೆಬೇರೆ ಕಡೆ ಎನ್‌ಒಪಿ, ಹೇಗೆ ತೂರಿಸಿದರೂ ಎಮ್ಯುಲೇಟರಿನ ಮೋಟರು ಎಣಿಸಿದಲ್ಲಿಯೇ ನಿಂತಿತು. ಸಮಯ ಎಣಿಸುವ ಲೂಪ್‌ಗಳ ಒಳಗೆ ಮಾತ್ರ ತೂರಿಸುವಂತಿಲ್ಲ. ಸಿ ರಿಜಿಸ್ಟರಿನಿಂದ ಒಂದು ಕಳೆದು ಹಿಂದಕ್ಕೆ ಜಿಗಿಯುವ ಲೂಪಿಗೆ 4 ಮತ್ತು 10 ಸೇರಿ 14 ಟಿ-ಸ್ಟೇಟ್ (ಪ್ರೊಸೆಸರಿನ ಗಡಿಯಾರದ ಬಡಿತ), ಈ ಬೋರ್ಡಿನಲ್ಲಿ ಸುಮಾರು 4.56 ಮೈಕ್ರೊಸೆಕೆಂಡ್; ಅದರ ಮೇಲೆಯೇ ಕೀಲಿಗಳ ನಡುಕ ಅಡಗುವವರೆಗೆ ಕಾಯುವ ಲೆಕ್ಕ ನಿಂತಿದೆ. ಆದ್ದರಿಂದ ನನ್ನ ಲಿಸ್ಟಿಂಗಿನಲ್ಲಿ ಪ್ರತಿ ಸಾಲಿನ ಎದುರಿಗೂ ಟಿ-ಸ್ಟೇಟ್ ಸಂಖ್ಯೆ ಅಚ್ಚಾಗುತ್ತದೆ.

ಎಮ್ಯುಲೇಟರ್ ಬರೆಯುವಾಗ 8085ಕ್ಕೆ ಹಿಂದಿನ ಚಿಪ್ಪಾದ 8080ರ ಬಗೆಗಿನ ಬರಹಗಳನ್ನು ಕಣ್ಣುಮುಚ್ಚಿ ಅನುಸರಿಸಬಾರದು ಎಂಬ ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಎರಡು ಬೈಟ್‌ಗಳ ಬಿಟ್‌ಗಳನ್ನು ಆ್ಯಂಡ್ (ಎರಡೂ 1 ಆಗಿದ್ದರೆ ಮಾತ್ರ 1) ಮಾಡಿದಾಗ 8085 ಅರ್ಧ-ಕ್ಯಾರಿ ಬಾವುಟವನ್ನು (ಬೈಟಿನ ಕೆಳ ಅರ್ಧದಿಂದ ದಶಕ ಉಕ್ಕಿತೆಂದು ಹೇಳುವ ಗುರುತನ್ನು) ಯಾವಾಗಲೂ ಏರಿಸುತ್ತದೆ. 8080ರಲ್ಲಿ ಅದು ಎರಡೂ ಬೈಟ್‌ಗಳ (ಸೊನ್ನೆಯಿಂದ ಎಣಿಸಿದರೆ) ಮೂರನೆಯ ಬಿಟ್‌ಗಳನ್ನು ಅವಲಂಬಿಸುತ್ತದೆ. ಡಿಎಎ ಬಳಸುವ ಪ್ರೋಗ್ರಾಮಿಗೆ ಇದು ಎಂದಾದರೊಂದು ದಿನ ತಗಲಿಕೊಳ್ಳುವ ಮುಳ್ಳು.

ಎರಡು ಬೈಟ್ ಬದಲಾದ ಚಿಪ್ ಅಂದಿನಿಂದ ಯಂತ್ರದಲ್ಲಿದೆ. ಕೆಲಸ ಅಲ್ಲಿಗೇ ನಿಲ್ಲಬೇಕಿತ್ತು, ಆದರೆ ನನ್ನ ಕೋಷ್ಟಕದಲ್ಲಿದ್ದ ಹತ್ತು ಖಾಲಿ ಮನೆಗಳು ಕಾಡುತ್ತಿದ್ದವು. 256 ಸಾಧ್ಯತೆಗಳಲ್ಲಿ ಇಂಟೆಲ್ ತನ್ನ ಕೈಪಿಡಿಯಲ್ಲಿ ಹೇಳಿದ್ದು 246. 8080ರ 244ಕ್ಕೆ ರಿಮ್ ಮತ್ತು ಸಿಮ್ ಎಂಬೆರಡು ಸೇರಿ. ಉಳಿದ ಹತ್ತು ಖಾಲಿಯೇನಲ್ಲ. 1979ರಲ್ಲಿಯೇ ಅಮೆರಿಕದ ಪತ್ರಿಕೆಯೊಂದರಲ್ಲಿ ಅವುಗಳ ವಿವರ ಅಚ್ಚಾಗಿತ್ತು, ಮುಂದೆ ಕೆನಡಾದ ಟಂಡ್ರಾ ಸಂಸ್ಥೆ ತಾನು ತಯಾರಿಸಿದ 8085ರ ಕೈಪಿಡಿಯಲ್ಲಿ ಅವನ್ನು ಬಹಿರಂಗವಾಗಿಯೇ ಸೇರಿಸಿತು. 1978ರಲ್ಲಿ ಬರಲಿದ್ದ 8086ಕ್ಕೆ ಹಳೆಯ ಪ್ರೋಗ್ರಾಂಗಳನ್ನು ಅನುವಾದಿಸುವ ಹೊರೆ ಹೆಚ್ಚದಿರಲೆಂದು ಇಂಟೆಲ್ ಮುಚ್ಚಿಟ್ಟಿತೆಂಬುದು ಸಾಮಾನ್ಯವಾಗಿ ಹೇಳಲಾಗುವ ಕಾರಣ. ಪೀಣ್ಯದ ಪ್ರೋಗ್ರಾಮನ್ನು ಬಿಡಿಸುವಾಗ ಈ ಹತ್ತು ನನಗೆ ಬೇರೆಯದೇ ರೀತಿಯಲ್ಲಿ ಉಪಕಾರ ಮಾಡಿದ್ದವು: ದಾರಿಯಲ್ಲಿ ಇವುಗಳಲ್ಲೊಂದು ಎದುರಾದರೆ ನಾನು ದಾರಿ ತಪ್ಪಿ ದತ್ತಾಂಶದೊಳಕ್ಕೆ ಬಂದಿದ್ದೇನೆ ಎಂಬ ಸೂಚನೆಯಾಗಿ ಅವನ್ನು ಬಳಸಿಕೊಂಡಿದ್ದೆ, ಒಮ್ಮೆಯೂ ಸೂಚನೆ ಸುಳ್ಳಾಗಲಿಲ್ಲ.

ಎಸ್‌.ಪಿ. ರೋಡಿನಿಂದ ತಂದ ನಾಲ್ಕು ಚಿಪ್‌ಗಳಲ್ಲಿಯೂ ಹತ್ತನ್ನೂ ಪರೀಕ್ಷಿಸಿದೆ, ಎಲ್ಲವೂ ನಡೆದವು. ಇವುಗಳ ಬೆಲೆ ತಿಳಿಯುವುದು ಕಂಪೈಲರ್ ಬರೆಯುವವನಿಗೆ. ಸಿ ಭಾಷೆಯ ಸ್ಥಳೀಯ ವೇರಿಯೇಬಲ್‌ಗಳು ಸ್ಟ್ಯಾಕಿನ ಮೇಲಿರುತ್ತವೆ, ಆದರೆ ಸ್ಟ್ಯಾಕಿನಿಂದ ಇಷ್ಟು ದೂರದಲ್ಲಿರುವುದನ್ನು ತಾ ಎಂದು ಕೇಳುವ ಆದೇಶ 8080ರಲ್ಲಿ ಇಲ್ಲ. ಎಚ್‌ಎಲ್‌ಗೆ ದೂರವನ್ನು ಹಾಕಿ, ಸ್ಟ್ಯಾಕ್ ಪಾಯಿಂಟರನ್ನು ಕೂಡಿ, ಒಂದು ಬೈಟನ್ನು ಎ ರಿಜಿಸ್ಟರಿಗೆ ತಂದು, ವಿಳಾಸವನ್ನು ಒಂದು ಹೆಚ್ಚಿಸಿ, ಇನ್ನೊಂದು ಬೈಟನ್ನು ಎಚ್‌ಗೆ ತಂದು, ಎ ಯಲ್ಲಿರುವುದನ್ನು ಎಲ್‌ಗೆ ದಾಟಿಸಬೇಕು. ಒಟ್ಟು 8 ಬೈಟ್, 44 ಟಿ-ಸ್ಟೇಟ್. ಮುಚ್ಚಿಟ್ಟ ಹತ್ತರಲ್ಲಿ ಎಲ್‌ಡಿಎಸ್‌ಐ ಎಂಬುದು ಸ್ಟ್ಯಾಕ್ ಪಾಯಿಂಟರಿಗೆ 255ರವರೆಗಿನ ಒಂದು ಸಂಖ್ಯೆಯನ್ನು ಕೂಡಿ ಡಿಇ ಯಲ್ಲಿಡುತ್ತದೆ. ಎಲ್‌ಎಚ್‌ಎಲ್‌ಎಕ್ಸ್ ಎಂಬುದು ಡಿಇ ತೋರಿಸುವ ಜಾಗದಿಂದ ಎರಡೂ ಬೈಟ್‌ಗಳನ್ನು ಎಚ್‌ಎಲ್‌ಗೆ ತರುತ್ತದೆ. 3 ಬೈಟ್, 20 ಟಿ-ಸ್ಟೇಟ್. ಸಿ ಕಂಪೈಲರನ್ನು ಮನಸ್ಸಿನಲ್ಲಿಟ್ಟುಕೊಂಡೇ ಯಾರೋ ಇವನ್ನು ಸಿಲಿಕಾನಿನಲ್ಲಿ ಕೆತ್ತಿದಂತೆ ಕಾಣುತ್ತದೆ.

1980ರ ಮೇ ತಿಂಗಳಲ್ಲಿ ರಾನ್ ಕೇನ್ ಪ್ರಕಟಿಸಿದ ಸ್ಮಾಲ್-ಸಿ ಎಂಬ ಪುಟ್ಟ ಕಂಪೈಲರ್ 8080ಕ್ಕೇ ಬರೆದದ್ದು. ಅದು ಪ್ರತಿ ಲೆಕ್ಕದ ಉತ್ತರವನ್ನೂ ಎಚ್‌ಎಲ್‌ನಲ್ಲಿಡುತ್ತದೆ, ಎಡಗಡೆಯ ಪದವನ್ನು ಸ್ಟ್ಯಾಕಿಗೆ ತಳ್ಳಿ ಬಲಗಡೆಯದನ್ನು ಲೆಕ್ಕಹಾಕಿದ ಮೇಲೆ ಎಡದ್ದನ್ನು ಡಿಇ ಗೆ ಎತ್ತಿಕೊಳ್ಳುತ್ತದೆ. ಆದ್ದರಿಂದ ವೇರಿಯೇಬಲ್ ತರುವ ಹೊತ್ತಿನಲ್ಲಿ ಡಿಇ ಖಾಲಿಯಾಗಿಯೇ ಇರುತ್ತದೆ; ಎಲ್‌ಡಿಎಸ್‌ಐ ಅದನ್ನು ಕೆಡಿಸಿದರೂ ಯಾರಿಗೂ ನಷ್ಟವಿಲ್ಲ. ಅದೇ ಮಾದರಿಯ ಸಂಕೇತವನ್ನು ಹೊರಡಿಸುವ ಕಂಪೈಲರಿನ ಒಂದು ಚಿಕ್ಕ ಹಿಂಭಾಗವನ್ನು ಬರೆದು ಈ ಜೋಡಿಯನ್ನು ಸೇರಿಸಲು ನನಗೆ ಹಿಡಿದದ್ದು ಒಂದೇ ಮಧ್ಯಾಹ್ನ. ಎಣಿಕೆಯ ಲೂಪ್‌ಗಳಿಗೂ ಲಾಭವಿದೆ. ಬಿಸಿ ಜೋಡಿಯಿಂದ ಒಂದು ಕಳೆಯುವ ಆದೇಶ ಸೊನ್ನೆಯ ಬಾವುಟವನ್ನು ಮುಟ್ಟುವುದಿಲ್ಲವಾದ್ದರಿಂದ ಎರಡೂ ಅರ್ಧಗಳನ್ನು ಎ ರಿಜಿಸ್ಟರಿನಲ್ಲಿ ಸೇರಿಸಿ ನೋಡುವ ಹಳೆಯ ಕ್ರಮಕ್ಕೆ 24 ಟಿ-ಸ್ಟೇಟ್ ಬೇಕು. ಸೊನ್ನೆಯಿಂದ 65,535ಕ್ಕೆ ಜಾರಿದಾಗ ಏರುವ ಗುಪ್ತ ಬಾವುಟವನ್ನು ನೋಡಿ ಜಿಗಿದರೆ 16 ಸಾಕು, ಲೂಪು ಒಂದು ಬಾರಿ ಹೆಚ್ಚು ಸುತ್ತುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ. ಇವನ್ನು ಬಳಸಲು ಬಿಡುವ ಸ್ವಿಚ್ ನನ್ನ ಅಸೆಂಬ್ಲರಿನಲ್ಲಿ ತಾನಾಗಿ ಮುಚ್ಚಿಯೇ ಇರುತ್ತದೆ. ಬದಲಿಗೆ ತಂದ ಚಿಪ್ ಯಾರು ತಯಾರಿಸಿದ್ದೋ ಯಾರು ಬಲ್ಲರು.

ಈ ಪ್ರೊಸೆಸರನ್ನು ಕಾಲೇಜಿನ ಕಿಟ್‌ಗಷ್ಟೇ ಸಂಬಂಧಿಸಿದ್ದೆಂದು ಹಗುರವಾಗಿ ಕಾಣುವವರಿಗೆ ನಾನು ಒಂದು ಸಂಗತಿಯನ್ನು ಹೇಳುವುದುಂಟು. 1997ರಲ್ಲಿ ಮಂಗಳನ ಮೇಲೆ ಓಡಾಡಿದ ಸೋಜರ್ನರ್ ಬಂಡಿಯೊಳಗೆ ಇದ್ದದ್ದು ಇದರದೇ ಸೀಮಾಸ್ (ಕಡಿಮೆ ವಿದ್ಯುತ್ ಬಳಸುವ) ರೂಪವಾದ 80ಸಿ85.

ಲಿಸ್ಟಿಂಗಿನ ಒಂದು ಅಚ್ಚುಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಯಂತ್ರದ ಬಾಗಿಲಿನ ಒಳಗಡೆ ಅಂಟಿಸಿ ಬಂದಿದ್ದೇನೆ. "ನಿಧಾನ_ಮಿತಿ" ಎಂಬ ಲೇಬಲಿನ ಸಾಲಿಗೆ ಯಜಮಾನರು ತಾವೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ 50 ಎಂದು ಬರೆದುಕೊಂಡಿದ್ದಾರೆ. ಈಗ ಅವರು ಶೆಡ್ಡಿನ ಆಚೆ ಬದಿಯ ಇನ್ನೊಂದು ಯಂತ್ರವನ್ನು ತೋರಿಸಿದ್ದಾರೆ, ಅದರೊಳಗಿರುವುದು ಝೆಡ್80. 1976ರಿಂದ ತಯಾರಾಗುತ್ತಿದ್ದ ಆ ಚಿಪ್‌ಗೆ ಕೊನೆಯ ಬೇಡಿಕೆಗಳನ್ನು ಕಳಿಸಿಕೊಳ್ಳಿ ಎಂದು ಝೈಲಾಗ್ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿತು, ಹಾಗಾಗಿ ಎರಡು ಬಿಡಿ ಚಿಪ್‌ಗಳನ್ನು ಮೊದಲೇ ತಂದಿಟ್ಟುಕೊಳ್ಳಿ ಎಂದು ಹೇಳಿದ್ದೇನೆ. ಅಲ್ಲಿ ನನ್ನ ಕೋಷ್ಟಕ ಕೈಕೊಡುತ್ತದೆ. ಒಂದು ವಿಳಾಸದಿಂದ ಎಚ್‌ಎಲ್‌ಗೆ ಬೆಲೆ ತುಂಬುವ ಆದೇಶಕ್ಕೆ ಝೆಡ್80ಯಲ್ಲಿ ಮೂರು ಬೈಟ್‌ಗಳ ಒಂದು ರೂಪವೂ ನಾಲ್ಕು ಬೈಟ್‌ಗಳ ಇನ್ನೊಂದು ರೂಪವೂ ಇವೆ, ಎರಡನ್ನೂ ಅಸೆಂಬ್ಲಿಯಲ್ಲಿ ಬರೆಯುವುದು ಒಂದೇ ರೀತಿ. ಬಿಡಿಸಿದ ಮೇಲೆ ಯಾವ ರೂಪದಿಂದ ಬಂದದ್ದೆಂಬುದು ಉಳಿಯದಿದ್ದರೆ ಮರಳಿ ಜೋಡಿಸಿದಾಗ ಒಂದು ಬೈಟ್ ಕಡಿಮೆಯಾಗುತ್ತದೆ, ಮುಂದಿನದೆಲ್ಲ ಮೇಲಕ್ಕೆ ಸರಿಯುತ್ತದೆ. ಸದ್ಯಕ್ಕೆ ಉದ್ದದ ರೂಪದ ಕೊನೆಯಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಬರೆಯುತ್ತಿದ್ದೇನೆ. ಕಳೆದ ಭಾನುವಾರದ ವೇಳೆಗೆ ಮೂಲದೊಂದಿಗೆ ತಾಳೆಯಾಗದೆ ಉಳಿದ ಬೈಟ್‌ಗಳು ಹದಿನೇಳು.